ಪೂರ್ವದ ಗೋಡೆಗೆ ಬಂದ ಒಲೆ

ಲ್ಯಾನ್ಸಿಯವರೇ, ಒಲೆಯನ್ನು ಪೂರ್ವದ ಗೋಡೆಗೆ ಸರಿಸಿ ಎಂದು ನಿಮಗೆ ಹೇಳಿದವಳು ನಾನೇ. ನೀವು ಮರೆತಿಲ್ಲ, ನಾನೂ ಮರೆತಿಲ್ಲ. ಮರೆತವಳಂತೆ ನಟಿಸಿದೆ, ಅಷ್ಟೆ.

ಕ್ಯುಪರ್ಟಿನೋದಲ್ಲಿ, ಅಮೆರಿಕಕ್ಕೆ ಬಂದ ಮೇಲೂ ವಾಸ್ತು ನೋಡಿ ಮನೆ ಕೊಳ್ಳುವವರನ್ನು ಗೇಲಿ ಮಾಡುವುದರಲ್ಲಿ ನನ್ನನ್ನೂ ನನ್ನ ಗಂಡ ರಘುವನ್ನೂ ಮೀರಿಸುವವರಿರಲಿಲ್ಲ. ದಿಕ್ಸೂಚಿ ಹಿಡಿದು ಮಾರಾಟದ ಮನೆಗಳ ಓಪನ್ ಹೌಸಿಗೆ ಬರುವವರ ನಡಿಗೆಯನ್ನು ನಾನು ಎಷ್ಟು ಚೆನ್ನಾಗಿ ಮಾಡಿ ತೋರಿಸುತ್ತಿದ್ದೆ! ಆದರೆ ನಮ್ಮದೇ ಅಡುಗೆಮನೆಯನ್ನು ನಿಮ್ಮ ಕೈಯಲ್ಲಿ ಒಡೆದು ಕಟ್ಟಿಸುವಾಗ— ಅಡುಗೆ ಮಾಡುವವರ ಮುಖ ದಕ್ಷಿಣಕ್ಕೆ ಬರುತ್ತದಲ್ಲ ಎಂದು ನನಗೆ ಸಮಾಧಾನವೇ ಇಲ್ಲ. ರಘು ಆಫೀಸಿಗೆ ಹೋದ ಮೇಲೆ ನಿಮಗೆ ಮೆಲ್ಲಗೆ ಹೇಳಿದೆ. ಹೇಳಿದ್ದು ನಾನೆಂದು ಅವನಿಗೆ ಗೊತ್ತಾಗಬಾರದು, ಆಮೇಲೆ ನಾನೇ ಹೇಳುತ್ತೇನೆ ಎಂದೆ.

“ಅಷ್ಟೇಯಾ ಅಕ್ಕ? ನಾನು ಯಾರಿಗೂ ಹೇಳುದಿಲ್ಲ ಮಾರಾಯ್ರೆ,” ಎಂದು ನಕ್ಕಿರಿ. ಗ್ಯಾಸ್ ಪೈಪನ್ನೆಲ್ಲ ಕಿತ್ತು ಹೊಸದಾಗಿ ಹಾಕಿದಿರಿ.

ಬಿಲ್ಲು ಬಂದಾಗ ರಘು ಕೆಂಡಾಮಂಡಲವಾದ. ಹೇಳದ ಕೆಲಸಕ್ಕೆ ಬಿಡಿಗಾಸೂ ಇಲ್ಲವೆಂದ. ನಾನು ನಿಜ ಹೇಳಲೆಂದೇ ಬಾಯಿ ತೆರೆದೆ— ಕಾಫಿ ಬೇಕಾ ಎಂದು ಕೇಳಿದೆ.

ನೀವು ನಮ್ಮ ಮನೆಯ ಮೇಲೆ ಲೀನ್ ಹಾಕಿದಿರಿ. ಬಾಕಿ ತೀರುವವರೆಗೆ ಮನೆಯ ಮೇಲೆ ನಿಮಗೂ ಹಕ್ಕು. ರಘು ತಕರಾರು ತೆಗೆದ. ಗಡುವಿನೊಳಗೆ ದಾವೆ ಹೂಡದಿದ್ದರೆ ಆ ಹಕ್ಕು ಬಿದ್ದುಹೋಗುತ್ತದೆಂದು ನೀವು ಕೋರ್ಟಿಗೂ ಹೋದಿರಿ. ರಾಜಿಗೆ ಕುಳಿತ ದಿನ ಮಧ್ಯಸ್ಥರು ಕೇಳಿದ್ದು ಒಂದೇ ಪ್ರಶ್ನೆ: ಒಲೆ ಸರಿಸಲು ಹೇಳಿದ್ದು ಯಾರು?

ನೀವು ನನ್ನ ಕಡೆ ನೋಡಿದಿರಿ. ನಾನು ನನ್ನ ಉಗುರು ನೋಡಿಕೊಂಡೆ. ನೀವು, “ನನ್ನದೇ ತಪ್ಪು ತಿಳುವಳಿಕೆ ಇರಬೇಕು,” ಎಂದು ಹೇಳಿ, ದಾವೆಯನ್ನೂ ಲೀನನ್ನೂ ಹಿಂತೆಗೆದುಕೊಂಡಿರಿ. ಹೊರಗೆ ಬಂದು ನನಗೊಬ್ಬಳಿಗೇ ಕೇಳುವಂತೆ, “ಮಾತು ಕೊಟ್ಟಿದ್ದೆನಲ್ಲ ಅಕ್ಕ,” ಎಂದಿರಿ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಮೇಲೆ ನಮ್ಮ ಮನೆಯ ಪ್ರತಿ ದೋಸೆ ಪಾರ್ಟಿಯಲ್ಲೂ ರಘುವಿನದು ಅದೇ ಕಥೆ— ಹೇಳದ ಕೆಲಸ ಮಾಡಿ ಮನೆಗೇ ಲೀನ್ ಹಾಕುವ ಆಸಾಮಿ. ಎಲ್ಲರೂ ನಗುತ್ತಿದ್ದರು, ನಾನು ಚಟ್ನಿ ಬಡಿಸುತ್ತಿದ್ದೆ. ನಮ್ಮವರ ಮನೆಗಳ ಕೆಲಸ ನಿಮ್ಮ ಕೈತಪ್ಪುತ್ತಾ ಹೋಯಿತು. ಗೊತ್ತಿದ್ದೂ ನಾನು...

ಕಳೆದ ಭಾನುವಾರ ಗೆಳತಿಯೊಬ್ಬಳು, “ನಮ್ಮ ಕಿಚನ್ನಿಗೆ ಲ್ಯಾನ್ಸಿಯವರನ್ನೇ ಕರೆಯೋಣ ಅಂತಿದ್ವಿ, ಸದ್ಯ ಬಚಾವಾದ್ವಿ,” ಎಂದಳು. ನನಗೆ ಚಟ್ನಿ ಬಡಿಸಲಾಗಲಿಲ್ಲ.

“ಒಲೆ ಸರಿಸೋಕೆ ಹೇಳಿದ್ದು ನಾನು. ವಾಸ್ತುಗೋಸ್ಕರ. ಅವ್ರದ್ದು ಏನೂ ತಪ್ಪಿಲ್ಲ.”

ಜನ ಬಿದ್ದು ಬಿದ್ದು ನಕ್ಕರು, ಈ ಸಲ ನನ್ನನ್ನು ನೋಡಿ. ರಘು ಮಾತ್ರ ನಗಲಿಲ್ಲ. ಸಟ್ಟುಗ ಹಿಡಿದು ಪೂರ್ವಕ್ಕೆ ಮುಖ ಮಾಡಿ ನಿಂತೇ ಇದ್ದ. ಶಾಸ್ತ್ರೋಕ್ತವಾಗಿ ದೋಸೆ ಸೀದುಹೋಯಿತು.

ಶನಿವಾರ ನಾವಿಬ್ಬರೂ ಸ್ಯಾನ್ ಮಟಿಯೋದ ನಿಮ್ಮ ಮನೆಗೆ ಬರುತ್ತಿದ್ದೇವೆ. ಬಾಕಿ ಹಣ ತರುತ್ತೇವೆ, ಕೊಡಲೇಬೇಕೆಂದು ರಘುವೇ ಹೇಳಿದ. ನಿಮ್ಮ ಹೆಸರು ಕೆಡಿಸಿದ್ದಕ್ಕೆ ಏನು ತರಲಿ, ತಿಳಿಯದು. ನಮ್ಮ ದೋಸೆ ತಿಂದು ರಘುವಿನ ಕಥೆ ಕೇಳಿದವರ ಮನೆಮನೆಗೂ ಹೋಗಿ ನಿಜ ಹೇಳುತ್ತಿದ್ದೇನೆ, ನಗುವವರು ನಗಲಿ. ನಿಮ್ಮ ಬಾಗಿಲು ಯಾವ ದಿಕ್ಕಿಗಿದ್ದರೂ ಸರಿ, ನೀವು ತೆರೆಯುವವರೆಗೆ ನಿಂತಿರುತ್ತೇನೆ.