ಸಡಿಲಾದ ಹಳದಿ ಪಟ್ಟಿ

ಬಂದರಿನ ಪಕ್ಕದ ಗಾರ್ಡನ್ ರೀಚಿನ ನಮ್ಮ ಗೋದಾಮಿಗೆ, ಪ್ಯಾಲೆಟ್ ಎಂಬ ಮರದ ಅಡಿಹಲಗೆಯ ಮೇಲೆ ಪೇರಿಸಿದ ರಟ್ಟಿನ ಪೆಟ್ಟಿಗೆಗಳನ್ನು ಬಿಗಿಯುವ ಪ್ಲಾಸ್ಟಿಕ್ ಪಟ್ಟಿಯನ್ನು ಆರಿಸಬೇಕಾದವನು ನಾನು. ಮಾರುವವನು ಹಳದಿ ಬಣ್ಣದ್ದೊಂದು, ಹಸಿರು ಬಣ್ಣದ್ದೊಂದು ತಂದಿದ್ದ. ಎಳೆದು ನೋಡಿದರೆ ನನ್ನ ಕೈಗೆ ಎರಡೂ ಒಂದೇ.

ಪಟ್ಟಿ ಕಟ್ಟುವುದರಲ್ಲೇ ತಲೆ ನರೆತ ಹಿರಿಯರೊಬ್ಬರು ಹಿಂದಿಯಲ್ಲಿ ಹೇಳಿದರು: "ಬಾಬು, ಭಾರದ ಮಾಲಿಗೆ ಹಳದಿ ಬೇಡ. ಇವತ್ತು ಬಿಗಿಯಾಗಿರುತ್ತೆ, ನಾಳೆ ಸಡಿಲ ಆಗುತ್ತೆ. ಒಂದು ದಿನ ಕಟ್ಟಿಟ್ಟು ನೋಡಿ."

ಇಂಗ್ಲಿಷಿನಲ್ಲಿ ವರದಿ ಬರೆಯುವ ನನಗೆ ಇವರ ಪಾಠವೇ? ಹಳದಿಗೇ ಸಹಿ ಹಾಕಿದೆ.

ಮೂರನೆಯ ದಿನ ಲಾರಿಗೆ ಏರಿಸುವಾಗ ಪಟ್ಟಿ ಜೋತುಬಿದ್ದು ಪೆಟ್ಟಿಗೆಗಳು ಉರುಳಿದವು. ಮ್ಯಾನೇಜರ್ ಕಾರಣ ಕೇಳಿದರು. "ಇವರು ಸರಿಯಾಗಿ ಬಿಗಿದಿಲ್ಲ ಸಾರ್," ಎಂದಿತು ನನ್ನ ನಾಚಿಕೆಗೆಟ್ಟ ನಾಲಿಗೆ. ಹಿರಿಯರು ನನ್ನ ಮುಖ ನೋಡಿ, ಉರುಳಿದ ಪೆಟ್ಟಿಗೆಗಳನ್ನು ಎತ್ತಿಡಲು ಬಾಗಿದರು.

ಸದ್ದಿಲ್ಲದೆ ನಾನೇ ಬದಲಿಸಿದ್ದರಿಂದ ಈಗ ಹಸಿರು ಪಟ್ಟಿಯೇ ಬರುತ್ತದೆ. ಆದರೂ ಪ್ರತಿ ಪ್ಯಾಲೆಟ್ ಕಟ್ಟಿದ ಮೇಲೆ ಅವರು ನನ್ನನ್ನು ಕರೆಯುತ್ತಾರೆ. ಪಟ್ಟಿಯನ್ನು ತಂತಿಯಂತೆ ಬೆರಳಲ್ಲಿ ಮೀಟಿ, ವ್ಯಂಗ್ಯದ ಸುಳಿವೂ ಇಲ್ಲದೆ, "ಬಿಗಿಯಾಗಿದೆಯಾ ಬಾಬು? ನೀವೇ ನೋಡಿ," ಎನ್ನುತ್ತಾರೆ.

ನಾನೂ ಮೀಟಿ, "ಸರಿಯಾಗಿದೆ ಅಣ್ಣಾ," ಎನ್ನುತ್ತೇನೆ.

ಮ್ಯಾನೇಜರ್ ಕೋಣೆ ಅಲ್ಲಿಂದ ಹತ್ತೇ ಹೆಜ್ಜೆ. ಇನ್ನೂ ಹೋಗಿ ಹೇಳಿಲ್ಲ.