ಗೋದಲಿಗೆ ಬಿತ್ತಿದ ಭತ್ತ

ನಾನು ಚಿಕ್ಕವಳಿದ್ದಾಗ ನಾವು ಹರಿಹರದ ಹತ್ತಿರ ಕೊಕ್ಕನೂರಿನಲ್ಲಿದ್ದೆವು. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲ ಶುರುವಾಯಿತೆಂದರೆ ಅವ್ವ ತಗಡಿನ ತಟ್ಟೆಗೆ ಮಣ್ಣು ತುಂಬಿ ಕಾಳು ಬಿತ್ತುತ್ತಿದ್ದಳು. ಹಬ್ಬದ ಹೊತ್ತಿಗೆ ಎದ್ದ ಆ ಪೈರೇ ನಾವು ಗೊಂಬೆ ಇಟ್ಟು ಕಟ್ಟುವ ಕೊಟ್ಟಿಗೆಯಾದ ಗೋದಲಿಯಲ್ಲಿ ಬಾಲಯೇಸುವಿನ ಸುತ್ತಲಿನ ಹುಲ್ಲುಗಾವಲು.

ಆ ವರ್ಷ ಅವ್ವ ದಾವಣಗೆರೆಯ ಆಸ್ಪತ್ರೆಯಲ್ಲಿ ಮಲಗಿದ್ದಳು. ಅಪ್ಪ ಅಲ್ಲೇ ಮಂಡಕ್ಕಿ ಭಟ್ಟಿಯಲ್ಲಿ ದುಡಿದು, ಸಂಜೆ ಅವಳ ಬಳಿ ಕೂತಿರುತ್ತಿದ್ದ. ಊರಿಗೆ ಬರುವುದು ಅಪರೂಪವಾಗಿತ್ತು. ಹಾಗಾಗಿ ನಾನೂ ಅಕ್ಕನೂ ಬಿತ್ತಿದೆವು. ಕೋಳಿಗೆಂದು ಅಪ್ಪ ಭಟ್ಟಿಯಿಂದ ತಂದಿಟ್ಟ ಭತ್ತ ಮೂಲೆಯಲ್ಲಿತ್ತು, ಅದನ್ನೇ ಹಾಕಿದೆವು. ಪೈರು ಎದ್ದರೆ ಅವ್ವನೂ ಎದ್ದು ಬರುತ್ತಾಳೆ ಎಂದು ನಾನು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ. ದಿನಾ ನೀರು ಚಿಮುಕಿಸಿ, ಜಪಸರ ಮುಗಿದ ಮೇಲೆ ತಟ್ಟೆಗೆ ಮೂಗು ತಾಗಿಸಿ ನೋಡುತ್ತಿದ್ದೆ.

"ಹಂಗೆ ಮೂಗು ತೂರಿಸಿದ್ರೆ ಭತ್ತಕ್ಕೆ ಉಸಿರು ಕಟ್ಟತೈತೆ, ಸರಿಯೇ ಆಚೆಗೆ" ಎಂದು ಅಕ್ಕ ರೇಗಿಸುತ್ತಿದ್ದಳು. ಒಂದು ಮೊಳಕೆಯೂ ಬರಲಿಲ್ಲ. ಹಸಿ ಮಣ್ಣಿನ ವಾಸನೆ ಬರಬರುತ್ತಾ ಹುಳಿಯಾಯಿತು.

ಹಬ್ಬದ ಹಿಂದಿನ ಭಾನುವಾರ ಅಪ್ಪ ಬಂದ. ನಾನು ಅಳುತ್ತಲೇ ಕೇಳಿದೆ: "ಯಪ್ಪಾ, ಪೈರು ಏಳ್ಲಿಲ್ಲ ಅಂದ್ರೆ ಅವ್ವ ಬರಾದಿಲ್ಲೇನು?"

ಅಪ್ಪ ಒಂದು ಕಾಳನ್ನು ಉಗುರಿನಿಂದ ಸೀಳಿ ನೋಡಿ ಜೋರಾಗಿ ನಕ್ಕ. "ಬಿಸಿನೀರಾಗೆ ನೆನೆಸಿ ಹುರಿದ ಭತ್ತ ಕಣವ್ವಾ ಇದು. ಮಂಡಕ್ಕಿ ಆಗತೈತೆ, ಪೈರು ಹೆಂಗೆ ಆದೀತು?" ಆಮೇಲೆ ನನ್ನನ್ನು ತೊಡೆಗೆ ಎಳೆದುಕೊಂಡ. ಅವನ ಅಂಗಿಯಲ್ಲಿ ಭಟ್ಟಿಯ ಹೊಗೆ ವಾಸನೆ. "ದೇವ್ರಿಗೆ ಹಿಂಗೆ ಷರತ್ತು ಹಾಕಬ್ಯಾಡ. ನಿಮ್ಮವ್ವ ದಿನಾ ಏನು ಕೇಳ್ತಾಳೆ ಗೊತ್ತೇನು? ಇವತ್ತಿಗೆ ಸಾಕಾಗಷ್ಟು ಶಕ್ತಿ ಕೊಡು ಅಂತ. ಅಷ್ಟು ಸಿಗತೈತೆ. ನಾಳಿದು ನಾಳೆ ಕೇಳ್ತಾಳೆ."

ಅವತ್ತೇ ಮೂವರೂ ಕೂಡಿ ರಾಗಿ ಬಿತ್ತಿದೆವು. ಹಬ್ಬದ ದಿನ ಪೈರು ಅಕ್ಕಿಕಾಳಿನಷ್ಟೇ ಎದ್ದಿತ್ತು. ಅವ್ವ ಬಂದಿರಲಿಲ್ಲ. ನಾನೂ ಅವಳಂತೆ ಅವತ್ತಿಗೆ ಸಾಕಾಗುವಷ್ಟು ಕೇಳಿಕೊಂಡೆ. ಅಳು ಬಂತು, ಹೆದರಿಕೆ ಬರಲಿಲ್ಲ.

ಹೊಸ ವರ್ಷ ಕಳೆದು ಗೋದಲಿ ತೆಗೆಯುವ ಹೊತ್ತಿಗೆ ಅವ್ವ ಅಪ್ಪನ ಹೆಗಲು ಹಿಡಿದು ಬಸ್ಸಿನಿಂದ ಇಳಿದಳು. ಅಷ್ಟರಲ್ಲಿ ರಾಗಿ ಬೆಳೆದು ಬಾಗಿತ್ತು. "ಕುರಿಗಳು ಎಲ್ಲಿ ಹೋದ್ವೇ?" ಎನ್ನುತ್ತಾ ಅವ್ವ ಪೈರು ಸರಿಸಿ ಗೊಂಬೆಗಳನ್ನು ಹುಡುಕಿದಳು.

ಮೊಮ್ಮಕ್ಕಳೇ, ಈಗ ನಿಮ್ಮ ಗೋದಲಿಗೆ ದಾವಣಗೆರೆ ಅಂಗಡಿಯ ಪ್ಲಾಸ್ಟಿಕ್ ಹುಲ್ಲು ಬರುತ್ತದೆ, ಸ್ವಿಚ್ ಒತ್ತಿದರೆ ನಕ್ಷತ್ರ ಹೊಳೆಯುತ್ತದೆ. ಅದೂ ಚೆಂದವೇ. ಆದರೆ ನಿಮ್ಮ ತಾತ ಇಲ್ಲದ ಮೊದಲ ಆಗಮನ ಕಾಲ ಇದು. ಬೆಳಿಗ್ಗೆ ಎದ್ದು ಇವತ್ತಿನಷ್ಟನ್ನು ಕೇಳಿಕೊಳ್ಳುತ್ತೇನೆ, ಸಿಗುತ್ತಿದೆ. ಕುರಿಗಳ ಪಕ್ಕ ಒಂದು ತಟ್ಟೆಯಷ್ಟು ಜಾಗ ಬಿಡಿ, ಮಕ್ಕಳೇ. ರಾಗಿ ನೆನೆಹಾಕಿದ್ದೇನೆ.