ಕಾರ್ಕಳದವರು ಬಾರದ ಕಾರ್ಕಳದ ಶಿಬಿರ

ಮಣಿಪಾಲದಲ್ಲಿ ಮನೋವೈದ್ಯಕೀಯ ಪಿಜಿ ಮಾಡುತ್ತಿದ್ದಾಗ ಎರಡನೇ ವರ್ಷ ಶಿಬಿರಗಳು ನನ್ನ ಪಾಲಿಗೆ ಬಂದವು. ಒಂದು ವಾರ ಕಾಪು, ಇನ್ನೊಂದು ವಾರ ಕಾರ್ಕಳ. ರೋಗಿಗಳಿಗೆ ಬಸ್ಸು ಹಿಡಿದು ಅಲೆಯುವ ಕಷ್ಟ ತಪ್ಪಲಿ, ಔಷಧಿಯೇ ಅವರ ಊರಿಗೆ ಹೋಗಲಿ ಎಂಬುದು ನಮ್ಮ ಪ್ರೊಫೆಸರರ ಆಸೆ. ಆಸೆ ಒಳ್ಳೆಯದೇ. ಮಾತ್ರೆಯ ಪೆಟ್ಟಿಗೆ ಹೊತ್ತುಕೊಂಡು ಹೋಗಿ ಕೂರಬೇಕಾದವಳು ಮಾತ್ರ ನಾನು.

ಕಾರ್ಕಳದ ಶಿಬಿರಕ್ಕೆ ಕಾರ್ಕಳದ ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲ. ಬರುತ್ತಿದ್ದವರು ಕಾಪು, ಕಟಪಾಡಿಯವರು. ಕಾರ್ಕಳದವರೆಲ್ಲ ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾಪುವಿಗೆ ಬರುತ್ತಿದ್ದರು. ಪರಿಚಯದವರ ಕಣ್ಣಿಗೆ ಬೀಳಬಾರದಲ್ಲ! ರೋಗಿಗಳ ಅಲೆದಾಟ ತಪ್ಪಿಸಲು ಹೋಗಿ ನಾವು ಅದನ್ನು ಎರಡು ಪಟ್ಟು ಮಾಡಿದ್ದೆವು.

"ಕಾರ್ಕಳದಲ್ಲಿ ಕಾರ್ಕಳದವರೇ ಇಲ್ಲವಲ್ಲ ಡಾಕ್ಟರ್, ನೀವು ಅಲ್ಲಿ ಎಂತ ಮಾಡ್ತೀರಿ?" ಎಂದು ಪ್ರೊಫೆಸರರು ಕೇಳಿದರು. ಮನೆಮನೆಗೆ ಹೋಗಿ ಎಳೆದು ತರಲೇ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಪರೀಕ್ಷೆಗೆ ಕೂರಿಸುವವರು ಅವರೇ ಎಂಬುದು ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಕಾರ್ಕಳದ ಪಕ್ಕದ ಕುಕ್ಕುಂದೂರಿನ ಒಬ್ಬ ತಾಯಿ ಮಗನನ್ನು ಕರೆದುಕೊಂಡು ತಿಂಗಳು ತಿಂಗಳೂ ಕಾಪುವಿಗೆ ಬರುತ್ತಿದ್ದರು. ಹುಡುಗನಿಗೆ ಯಾರೂ ಇಲ್ಲದ ಕಡೆ ಬೈಗುಳ ಕೇಳಿಸುತ್ತಿತ್ತು. ಮಾತ್ರೆ ಶುರುವಾದ ಮೇಲೆ ಅದು ನಿಂತು, ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಕೆಲಸಕ್ಕೂ ಸೇರಿದ್ದ. ಆಮೇಲೆ ತಾಯಿಗೆ ಗಂಟುನೋವು ಹಿಡಿಯಿತು, ಎರಡು ಬಸ್ಸು ಹತ್ತುವುದು ಆಗಲಿಲ್ಲ, ಮಾತ್ರೆ ಮುಗಿಯಿತು. ಹುಡುಗ ಕೋಣೆಯ ಬಾಗಿಲು ಹಾಕಿಕೊಂಡು ಅನ್ನ ನೀರು ಬಿಟ್ಟ. ಅವನನ್ನು ಮಣಿಪಾಲದಲ್ಲಿ ನಮ್ಮ ವಾರ್ಡಿಗೇ ಸೇರಿಸಬೇಕಾಯಿತು. ಇನ್ನೊಮ್ಮೆ ಹೀಗಾದರೆ ಕೆಲಸ ಹೋಗುತ್ತಿತ್ತು, ಹುಡುಗನೂ ಕೈತಪ್ಪುತ್ತಿದ್ದ.

ವಾರ್ಡಿನಲ್ಲಿ ತಾಯಿಯನ್ನು ಕಂಡಾಗ ನನಗೆ ಸಿಟ್ಟು ನೆತ್ತಿಗೇರಿತು. "ನಿಮ್ಮ ಮನೆಯ ಹತ್ತಿರವೇ ಶಿಬಿರ ಉಂಟಲ್ಲ ಅಮ್ಮ!"

"ಅಲ್ಲಿ ಎಲ್ಲ ನಮ್ಮ ಗುರ್ತದವರೇ ಇರ್ತಾರಲ್ವಾ ಡಾಕ್ಟ್ರೇ? ನಾಳೆ ಇವನಿಗೆ ಹೆಣ್ಣು ಕೊಡುವವರು ಯಾರು?"

"ನಿಮ್ಮ ಗುರ್ತದವರು ಒಬ್ಬರೂ ಬರುವುದಿಲ್ಲ ಮಾರಾಯ್ರೇ, ಅದೇ ನನ್ನ ಕರ್ಮ! ಅದರಷ್ಟು ಸುರಕ್ಷಿತ ಜಾಗ ಈ ಜಿಲ್ಲೆಯಲ್ಲೇ ಇಲ್ಲ."

ಅವರು ಸ್ವಲ್ಪ ಯೋಚಿಸಿ, ಹೌದಲ್ಲ ಎಂದರು. ನಾನು ಬೀಗಿದೆ. ಬೀಗಿದ್ದೇ ತಪ್ಪಾಯಿತು. ಕಾಪುವಿಗೆ ಬರುತ್ತಿದ್ದ ಕಾರ್ಕಳದವರಿಗೆಲ್ಲ, ಒಬ್ಬೊಬ್ಬರನ್ನೇ ಹತ್ತಿರ ಕರೆದು, ಇದೇ ಗುಟ್ಟನ್ನು ಹೇಳಿದೆ.

ಮುಂದಿನ ಕಾರ್ಕಳದ ಶಿಬಿರಕ್ಕೆ ಅವರೆಲ್ಲ ಬಂದುಬಿಟ್ಟರು. ಸಾಲದ್ದಕ್ಕೆ ಪಕ್ಕದ ಕೋಣೆಯಲ್ಲಿ ಅಂದೇ ಹಲ್ಲಿನ ಶಿಬಿರ. ನನಗೆ ಒಂದು ಮಾತು ಹೇಳಿದವರಿಲ್ಲ. ಅರ್ಧ ಕಾರ್ಕಳ ದವಡೆ ಹಿಡಿದುಕೊಂಡು ಜಗಲಿಯಲ್ಲಿ ಕುಳಿತಿತ್ತು. ಕುಕ್ಕುಂದೂರಿನ ತಾಯಿ ಮಗನ ಕೈಹಿಡಿದು ಕುಂಟುತ್ತಾ ಬಂದರು. ನಮ್ಮ ಕೋಣೆಯ ಬಾಗಿಲಲ್ಲಿ, ಗಂಡನನ್ನು ಪಕ್ಕದಲ್ಲಿಟ್ಟುಕೊಂಡು ಅವರ ಚೀಟಿ ಹಿಡಿದು ನಿಂತಿದ್ದವರು ಈ ತಾಯಿಯ ಪಕ್ಕದ ಮನೆಯ ಬಾಯಮ್ಮ. ಆ ಗಂಡನೂ ನನ್ನ ಹಳೆಯ ರೋಗಿಯೇ. ಈ ಎರಡು ಮನೆಗಳ ನಡುವೆ ಇರುವುದು ಒಂದು ಕಾಂಪೌಂಡ್ ಗೋಡೆ ಮಾತ್ರ ಎಂಬುದು ನನಗೇನು ಗೊತ್ತು!

ತಾಯಿ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಮಗನನ್ನು ಎಳೆದುಕೊಂಡು ಹಿಂದೆ ತಿರುಗಿದರು. ಹೋಯಿತು, ಇನ್ನು ಇವರು ಕಾಪುವಿಗೂ ಬರುವುದಿಲ್ಲ, ನಾನೇ ಕೆಡಿಸಿದೆ ಎಂದುಕೊಂಡು ಕುರ್ಚಿ ಬಿಟ್ಟು ಎದ್ದೆ.

"ಎಂತ ಅಕ್ಕ, ಹಲ್ಲಿಗಾ?" ಎಂದರು ಬಾಯಮ್ಮ.

ತಾಯಿ ನಿಂತರು. "ಹೌದು, ಹಲ್ಲಿಗೆ. ನಿಮಗೆ?"

"ಇವರಿಗೂ ಹಲ್ಲೇ. ಬನ್ನಿ, ಕೂತ್ಕೊಳ್ಳಿ, ಜಾಗ ಉಂಟು."

ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು, ಬಂಗುಡೆ ಮೀನಿನ ರೇಟಿನ ಬಗ್ಗೆ ಮಾತಾಡುತ್ತಾ ಸರದಿ ಬರುವವರೆಗೆ ಕಾದರು. ಸರದಿ ಬಂದಾಗ ಒಬ್ಬರು ಒಳಗೆ ಹೋಗುವುದನ್ನು ಇನ್ನೊಬ್ಬರು ನೋಡಲೇ ಇಲ್ಲ. ನನಗೆ ಮೈಯೆಲ್ಲ ಉರಿಯಿತು. ಮನಸ್ಸಿನ ಕಾಯಿಲೆಗೆ ನಾಚಬೇಡಿ ಎಂದು ನಾನು ಗಂಟಲು ಹರಿದುಕೊಂಡಿದ್ದೇ ಬಂತು, ಇವರು ಹಲ್ಲಿನಲ್ಲೇ ಇದ್ದಾರೆ! ಮುಂದಿನ ತಿಂಗಳು ಇಬ್ಬರನ್ನೂ ಕೂರಿಸಿ ಸರಿಯಾಗಿ ಹೇಳಬೇಕೆಂದು ಒಂದು ಭಾಷಣವನ್ನೇ ಸಿದ್ಧಮಾಡಿಕೊಂಡೆ.

ಮುಂದಿನ ತಿಂಗಳು ತಾಯಿ ಬರಲಿಲ್ಲ. ಗಂಟುನೋವು ಜೋರಾಗಿ ಮಲಗಿದ್ದರಂತೆ. ಬಾಯಮ್ಮ ಒಂದು ಕಡೆ ಗಂಡನನ್ನು, ಇನ್ನೊಂದು ಕಡೆ ಆ ಹುಡುಗನನ್ನು ಕರೆದುಕೊಂಡು ಬಂದು ನನ್ನ ಮುಂದೆ ಕೂರಿಸಿದರು. ಹುಡುಗ ಅಂಗಡಿಯಿಂದ ನೇರ ಬಂದಿದ್ದ, ಅಂಗಿಯ ಮೇಲೆ ಪೇಂಟಿನ ಕಲೆಯಿತ್ತು.

"ಇವನ ಅಮ್ಮನಿಗೆ ಏಳ್ಲಿಕ್ಕೆ ಆಗುವುದಿಲ್ಲ ಡಾಕ್ಟ್ರೇ. ಇನ್ನು ಇವನನ್ನೂ ನಾನೇ ಕರ್ಕೊಂಡು ಬರ್ತೇನೆ," ಎಂದರು. "ಇಬ್ಬರ ಹಲ್ಲೂ ಒಮ್ಮೆ ನೋಡಿ."

ಅಂದು ಪಕ್ಕದ ಕೋಣೆಗೆ ಬೀಗ ಹಾಕಿತ್ತು. ಹಲ್ಲಿನ ಶಿಬಿರ ಇರಲಿಲ್ಲ. ನಾನು ಭಾಷಣವನ್ನು ನುಂಗಿಕೊಂಡು ಇಬ್ಬರಿಗೂ ಮಾತ್ರೆ ಬರೆದೆ.